ಕೌದಿಯ ಅಂಚಿಗೆ ಯಂತ್ರದಲ್ಲಿ ಪಟ್ಟಿ ಕಟ್ಟುವ ಕ್ರಮ

ಕೌದಿ ಮೊದಲು ಸವೆಯುವುದು ಅಂಚಿನಲ್ಲಿ. ಮಲಗುವಾಗ ಕೈ ಹಿಡಿದೆಳೆಯುವುದು ಅಲ್ಲಿಯೇ, ಗದ್ದಕ್ಕೆ ತಾಗುವುದು ಅಲ್ಲಿಯೇ, ಒಗೆಯುವಾಗ ಮುಷ್ಟಿಗೆ ಸಿಗುವುದೂ ಅದೇ ಭಾಗ. ನಮ್ಮ ಮನೆಯಲ್ಲಿ ಅವ್ವನ ಎರಡು ಇಳಕಲ್ ಸೀರೆಗಳ ನಡುವೆ ಅಪ್ಪನ ಹಳೆಯ ಧೋತರಗಳನ್ನು ಪದರವಾಗಿ ಹಾಸಿ ಹೊಲಿದ ಕೌದಿಯೊಂದಿದೆ. ಅದರ ನಡುಭಾಗದ ಒಂದು ಟಾಕೂ ಇಂದಿನವರೆಗೆ ಬಿಚ್ಚಿಲ್ಲ. ಆದರೆ ತಲೆಯ ಕಡೆಯ ಅಂಚಿನಲ್ಲಿ ಸೀರೆಯ ಮಡಿಕೆ ಸೀಳಿ, ಒಳಗಿನ ಧೋತರದ ಬಿಳಿ ನೂಲು ಗೇಣುದ್ದಕ್ಕೆ ಹೊರಗೆ ಇಣುಕತೊಡಗಿತ್ತು. ಅದಕ್ಕೆ ಹೊಸ ಅಂಚು ಕಟ್ಟಿದ ಮೇಲೆ ಇನ್ನೂ ಹಲವು ಕೌದಿಗಳಿಗೂ ಹತ್ತಿ ತುಂಬಿದ ತೆಳು ಹೊದಿಕೆಗಳಿಗೂ ಇದೇ ಕ್ರಮದಲ್ಲಿ ಪಟ್ಟಿ ಹಾಕಿದ್ದೇನೆ. ಮನೆಯಲ್ಲಿ ಸಾಮಾನ್ಯ ಹೊಲಿಗೆ ಯಂತ್ರವಿದ್ದು, ನೇರ ಹೊಲಿಗೆ ಹಾಕಲು ಬರುವ ಯಾರಾದರೂ ಇದನ್ನು ಮಾಡಬಹುದು.

ಪಟ್ಟಿಯನ್ನು ಒಂದು ಬದಿಗೆ ಯಂತ್ರದಲ್ಲಿ ಹೊಲಿದು, ಇನ್ನೊಂದು ಬದಿಯನ್ನು ಕೈಯಿಂದ ಹೆಮ್ಮಿಂಗ್ ಮಾಡುವುದು ಹಳೆಯ ರೂಢಿ, ಮತ್ತು ನೋಡಲು ಅದು ಬಹಳ ಅಂದವಾಗಿರುತ್ತದೆ. ಆದರೂ ದಿನನಿತ್ಯ ಹೊದೆಯುವ, ಮೇಲಿಂದ ಮೇಲೆ ಒಗೆಯಬೇಕಾದ ಕೌದಿಗೆ ಎರಡೂ ಬದಿ ಯಂತ್ರದ ಹೊಲಿಗೆಯೇ ತಕ್ಕದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಹೆಮ್ಮಿಂಗಿನ ಒಂದೊಂದು ಟಾಕು ಹಿಡಿಯುವುದು ಬಟ್ಟೆಯ ಎರಡು ಮೂರು ನೂಲುಗಳನ್ನು ಮಾತ್ರ. ಈ ಕೆಲಸದಲ್ಲಿ ಯಂತ್ರ ಕೌದಿಯ ಸುತ್ತ ಎರಡು ಸಲ ಹೋಗುತ್ತದೆ. ಮೊದಲ ಸುತ್ತು ಪಟ್ಟಿಯನ್ನು ಕೌದಿಗೆ ಕೂಡಿಸುತ್ತದೆ. ಎರಡನೆಯದು ಮಡಚಿ ತಂದ ಪಟ್ಟಿಯನ್ನು ಇನ್ನೊಂದು ಮುಖದಲ್ಲಿ ಹಿಡಿದು ನಿಲ್ಲಿಸುತ್ತದೆ. ಜನರು ಸೋಲುವುದು ಎರಡನೆಯ ಸುತ್ತಿನಲ್ಲಿ: ಸೂಜಿ ಒಂದು ಕಡೆ ಮಡಿಕೆಯನ್ನು ಹಿಡಿಯುತ್ತದೆ, ಇನ್ನೊಂದು ಕಡೆ ತಪ್ಪಿಸಿಕೊಳ್ಳುತ್ತದೆ. ಆ ಹೊಲಿಗೆ ಸರಿಯಾಗಿ ಬೀಳುವುದಕ್ಕೆ ಬೇಕಾದ ಏರ್ಪಾಡು ಅಳತೆ ಮತ್ತು ಇಸ್ತ್ರಿಯ ಹಂತದಲ್ಲಿಯೇ ಆಗಿರಬೇಕು, ಆದ್ದರಿಂದ ಆ ಹಂತಗಳನ್ನೇ ಇಲ್ಲಿ ಹೆಚ್ಚು ವಿವರವಾಗಿ ಬರೆದಿದ್ದೇನೆ.

ಅಂಚನ್ನು ಸಜ್ಜುಗೊಳಿಸುವುದು

ಕೌದಿಯನ್ನು ನೆಲದ ಮೇಲೆ ಹಾಸಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ತೆಗೆಯಿರಿ. ಚೌಕದ ಟೈಲ್ಸ್ ಹಾಕಿದ ನೆಲವಿದ್ದರೆ ಅದೇ ಒಳ್ಳೆಯ ಅಳತೆಪಟ್ಟಿ. ಒಂದು ಬದಿಯನ್ನು ಟೈಲ್ಸಿನ ಗೆರೆಗೆ ಹೊಂದಿಸಿಟ್ಟರೆ ಉಳಿದ ಬದಿಗಳು ಎಲ್ಲಿ ಉಬ್ಬಿವೆ, ಎಲ್ಲಿ ಒಳಸರಿದಿವೆ ಎಂಬುದು ಕೂಡಲೇ ಕಾಣುತ್ತದೆ. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಟೇಪಿನಿಂದ ಅಳೆಯಿರಿ. ಎರಡೂ ಸಮನಾಗಿ, ಎದುರುಬದುರಿನ ಬದಿಗಳೂ ಸಮನಾಗಿದ್ದರೆ ಕೌದಿ ಚೌಕಕ್ಕಿದೆ ಎಂದರ್ಥ. ಕೈಯಲ್ಲಿ ಹೊಲಿದ ಕೌದಿಯಲ್ಲಿ ಒಂದೆರಡು ಸೆಂಟಿಮೀಟರ್ ವ್ಯತ್ಯಾಸ ಸಹಜ, ಅದಕ್ಕಾಗಿ ಚಿಂತಿಸಬೇಕಿಲ್ಲ.

ಸ್ಕೇಲು ಮತ್ತು ಟೈಲರ್ ಚಾಕಿನಿಂದ ನಾಲ್ಕೂ ಬದಿಗೆ ನೇರ ಗೆರೆ ಎಳೆಯಿರಿ. ಸವೆದ ಭಾಗವೆಲ್ಲ ಗೆರೆಯ ಹೊರಗೆ ಉಳಿಯಬೇಕು. ಇಲ್ಲಿ ಆತುರದಿಂದ ಕತ್ತರಿ ಹಾಕಬಾರದು. ಕೌದಿಯ ಉದ್ದಕ್ಕೂ ಹೋಗಿರುವುದು ಕೈಯ ಓಟಹೊಲಿಗೆ. ಗೆರೆಯ ಮೇಲೆ ಕತ್ತರಿಸಿದ ಕೂಡಲೇ ಆ ನೂಲುಗಳ ತುದಿ ಸಡಿಲವಾಗಿ ಒಳಕ್ಕೆ ಜಾರುತ್ತವೆ, ಪದರಗಳು ಒಂದರಿಂದ ಒಂದು ಕಳಚಿಕೊಳ್ಳುತ್ತವೆ. ಆದ್ದರಿಂದ ಮೊದಲು ಗೆರೆಯಿಂದ ಅರ್ಧ ಸೆಂಟಿಮೀಟರ್ ಒಳಗೆ, ಯಂತ್ರದ ಅತಿ ಉದ್ದದ ಟಾಕಿನಲ್ಲಿ ಸುತ್ತಲೂ ಒಂದು ಹೊಲಿಗೆ ಹಾಕಿ, ಅನಂತರವೇ ಗೆರೆಯ ಮೇಲೆ ಕತ್ತರಿಸಬೇಕು. ಈ ಹೊಲಿಗೆ ಮುಂದೆ ಪಟ್ಟಿಯೊಳಗೆ ಅಡಗಿಹೋಗುತ್ತದೆ.

ಪಟ್ಟಿ ಕಟ್ಟಬಾರದ ಕೌದಿಗಳೂ ಇವೆ. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ ಸಿದ್ದಿ ಮಹಿಳೆಯರು ಹೊಲಿಯುವ ಕೌದಿ ಅಂಚಿನಿಂದ ಆರಂಭವಾಗಿ, ಸುತ್ತುತ್ತ ಒಳಕ್ಕೆ ಸಾಗಿ, ನಡುವಿನಲ್ಲಿ ಮುಗಿಯುತ್ತದೆ. ಅಂಚನ್ನು ಒಳಮಡಚಿಕೊಂಡೇ ಹೊಲಿಗೆ ಶುರುವಾಗುವುದರಿಂದ ಅದಕ್ಕೆ ಬೇರೆ ಪಟ್ಟಿಯ ಅಗತ್ಯವಿಲ್ಲ. ಅದರ ಮೂಲೆಗಳಲ್ಲಿ ಬಟ್ಟೆಯ ತುಂಡನ್ನು ತ್ರಿಕೋನವಾಗಿ ಮಡಚಿ ಕೂರಿಸುವ ಅಲಂಕಾರವನ್ನು ಅವರು ಫೂಲ ಎನ್ನುತ್ತಾರೆ. ಅಂಥ ಕೌದಿ ನಿಮ್ಮಲ್ಲಿದ್ದು ಅಂಚು ಹರಿದಿದ್ದರೆ ಹರಿದಲ್ಲಿ ಮಾತ್ರ ಕೈಯಿಂದ ತೇಪೆ ಹಾಕಿ. ಅಳತೆಗೆ ತರಲೆಂದು ಆ ಮೂಲೆಗಳನ್ನು ಕತ್ತರಿಸಬೇಡಿ.

ಪಟ್ಟಿಯ ಬಟ್ಟೆ ಮತ್ತು ಅದರ ಲೆಕ್ಕ

ಪಟ್ಟಿಗೆ ಒತ್ತಾದ ನೇಯ್ಗೆಯ ಹೊಸ ಹತ್ತಿ ಬಟ್ಟೆಯೇ ಆಗಬೇಕು. ಪಾಪ್ಲಿನ್ ಸುಲಭವಾಗಿ ಸಿಗುತ್ತದೆ, ಇಸ್ತ್ರಿಯ ಮಡಿಕೆಯನ್ನೂ ಚೆನ್ನಾಗಿ ಹಿಡಿಯುತ್ತದೆ. ಹಳೆಯ ಸೀರೆಯಿಂದಲೇ ಪಟ್ಟಿಯನ್ನೂ ತೆಗೆಯುವ ಆಸೆ ಸಹಜವಾದರೂ, ಕೌದಿಯಲ್ಲಿ ಹೆಚ್ಚು ತಿಕ್ಕಾಟಕ್ಕೆ ಒಳಗಾಗುವ ಜಾಗಕ್ಕೆ ಅದಾಗಲೇ ಸವೆದ ಬಟ್ಟೆಯನ್ನು ಇಡುವುದು ಸರಿಯಲ್ಲ. ಕೊಂಡ ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸಿ, ಕುಗ್ಗುವಷ್ಟು ಮೊದಲೇ ಕುಗ್ಗಲಿ. ಕೆಂಪು, ಕಡುನೀಲಿ, ಕುಂಕುಮ ಬಣ್ಣಗಳಾದರೆ ಒದ್ದೆಯಾಗಿರುವಾಗಲೇ ಬಿಳಿ ಬಟ್ಟೆಯೊಂದನ್ನು ಒತ್ತಿ ನೋಡಿ. ಬಿಳಿಗೆ ಬಣ್ಣ ಹತ್ತಿದರೆ, ಹತ್ತುವುದು ನಿಲ್ಲುವವರೆಗೆ ಮತ್ತೆ ಮತ್ತೆ ಜಾಲಿಸಬೇಕು; ನಿಲ್ಲದಿದ್ದರೆ ಆ ಬಟ್ಟೆಯನ್ನೇ ಬಿಡಬೇಕು.

ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಿ ಬಳಸುವುದರಿಂದ ಅಂಚಿನ ಮೇಲೆ ಎರಡು ಪದರ ಬಟ್ಟೆ ಬರುತ್ತದೆ. ಹೊರಗಿನದು ಸವೆದರೂ ಒಳಗಿನದು ಕೌದಿಯನ್ನು ಕಾಯುತ್ತದೆ. ಪಟ್ಟಿಯ ಅಗಲ ಎಷ್ಟಿರಬೇಕು ಎಂಬುದಕ್ಕೆ ಒಂದೇ ಅಳತೆ ಎಲ್ಲ ಹೊದಿಕೆಗೂ ಹೊಂದುವುದಿಲ್ಲ. ಮಡಚಿದ ಪಟ್ಟಿ ನಾಲ್ಕು ಕಡೆ ಖರ್ಚಾಗುತ್ತದೆ: ಮೊದಲ ಹೊಲಿಗೆಯ ಆಚೆ ಉಳಿಯುವ ಒಳ ಅಂಚು, ಅಲ್ಲಿಂದ ಕೌದಿಯ ತುದಿಯವರೆಗೆ ಮರಳುವ ಅಷ್ಟೇ ಅಗಲ, ಕೌದಿಯ ದಪ್ಪ, ಮತ್ತೆ ಇನ್ನೊಂದು ಮುಖದಲ್ಲಿ ಹೊಲಿಗೆಯ ಗೆರೆಯವರೆಗೆ ಬರುವ ಅಷ್ಟೇ ಅಗಲ. ಇದರ ಮೇಲೆ, ಮಡಿಕೆ ಹೊಲಿಗೆಯ ಗೆರೆಯನ್ನು 3 ಮಿಲಿಮೀಟರಿನಷ್ಟು ದಾಟಲೇಬೇಕು, ಏಕೆಂದರೆ ಎರಡನೆಯ ಸುತ್ತಿನ ಸೂಜಿಗೆ ಆ ದಾಟಿದ ಭಾಗದಿಂದಲೇ ಹಿಡಿತ ಸಿಗುತ್ತದೆ. ಹೀಗಾಗಿ ಹೊಲಿಗೆಯ ಅಂತರದ, ಅಂದರೆ ಕೌದಿಯ ತುದಿಯಿಂದ ಮೊದಲ ಹೊಲಿಗೆಗಿರುವ ದೂರದ, ಮೂರರಷ್ಟಕ್ಕೆ ಕೌದಿಯ ದಪ್ಪವನ್ನೂ 3 ಮಿ.ಮೀ.ಯನ್ನೂ ಕೂಡಿಸಿ, ಬಂದದ್ದನ್ನು ಎರಡರಿಂದ ಗುಣಿಸಿದರೆ ಕತ್ತರಿಸಬೇಕಾದ ಅಗಲ ಸಿಗುತ್ತದೆ.

ಉದಾಹರಣೆಗೆ ನಮ್ಮ ಮನೆಯ ಕೌದಿಯ ಅಂಚನ್ನು ಎರಡು ಬೆರಳಿನಲ್ಲಿ ಒತ್ತಿ ಹಿಡಿದರೆ ದಪ್ಪ 6 ಮಿ.ಮೀ. ಹೊಲಿಗೆಯ ಅಂತರವನ್ನು 1 ಸೆಂ.ಮೀ. ಎಂದಿಟ್ಟುಕೊಂಡರೆ, 3 ಸೆಂ.ಮೀ.ಗೆ 6 ಮತ್ತು 3 ಮಿ.ಮೀ. ಸೇರಿ 3.9 ಸೆಂ.ಮೀ. ಆಗುತ್ತದೆ, ಅದರ ಎರಡರಷ್ಟು 7.8. ಪಟ್ಟಿಯನ್ನು 8 ಸೆಂ.ಮೀ. ಅಗಲಕ್ಕೆ ಕತ್ತರಿಸಿದೆ. ಒಂದೇ ಪದರ ಹತ್ತಿಯಿರುವ, 3 ಮಿ.ಮೀ. ದಪ್ಪದ ಹೊದಿಕೆಗೆ 7 ಮಿ.ಮೀ. ಅಂತರ ಸಾಕು, ಅಲ್ಲಿ ಪಟ್ಟಿ 5.5 ಸೆಂ.ಮೀ.ಗೆ ಇಳಿಯುತ್ತದೆ. ಲೆಕ್ಕ ಏನೇ ಹೇಳಿದರೂ ಗೇಣುದ್ದದ ತುಂಡೊಂದನ್ನು ಮೊದಲು ಕತ್ತರಿಸಿ, ಮಡಚಿ, ಅಂಚಿಗೆ ಸುತ್ತಿ ನೋಡುವುದು ಒಳ್ಳೆಯದು. ಹಾಗೆ ನೋಡಲು ಐದು ನಿಮಿಷ ಸಾಕು, ತಪ್ಪಾದ ಪಟ್ಟಿಯನ್ನು ಬಿಚ್ಚಲು ಇಡೀ ಮಧ್ಯಾಹ್ನ ಬೇಕು.

ಉದ್ದದ ಲೆಕ್ಕ ಸುಲಭ. 150 ಸೆಂ.ಮೀ. ಅಗಲ, 210 ಸೆಂ.ಮೀ. ಉದ್ದದ ಕೌದಿಯ ಸುತ್ತಳತೆ 720 ಸೆಂ.ಮೀ.; ಮೂಲೆಗಳಿಗೂ ಕೊನೆಯ ಕೂಡಿಕೆಗೂ 40 ಸೆಂ.ಮೀ. ಸೇರಿಸಿದರೆ 760. ಅಂಗಡಿಯಲ್ಲಿ 110 ಸೆಂ.ಮೀ. ಪನ್ನದ, ಅಂದರೆ ಅಷ್ಟು ಅಗಲದ, ಬಟ್ಟೆ ಕೊಂಡರೆ, ಕಿನಾರೆ ತೆಗೆದ ಮೇಲೆ ಒಂದು ಪಟ್ಟಿ ಸುಮಾರು 106 ಸೆಂ.ಮೀ. ಬರುತ್ತದೆ, ಮತ್ತು ಓರೆಯಾಗಿ ಕೂಡಿಸುವಾಗ ಪ್ರತಿ ಕೂಡಿಕೆಗೆ ಪಟ್ಟಿಯ ಅಗಲದಷ್ಟು, ಅಂದರೆ 8 ಸೆಂ.ಮೀ. ಹೋಗುತ್ತದೆ. ಎಂಟು ಪಟ್ಟಿಗಳು ಬೇಕು. ಎಂಟನ್ನು ಎಂಟರಿಂದ ಗುಣಿಸಿದರೆ 64. ಕುಗ್ಗುವುದನ್ನೂ ಕತ್ತರಿಯ ತಪ್ಪನ್ನೂ ಲೆಕ್ಕಕ್ಕೆ ಹಿಡಿದು ಮುಕ್ಕಾಲು ಮೀಟರ್ ಕೊಳ್ಳಿ.

ಕತ್ತರಿಸುವುದು, ಕೂಡಿಸುವುದು, ಮಡಚುವುದು

ನೇರ ಬದಿಗಳ ಕೌದಿಗೆ ಪಟ್ಟಿಯನ್ನು ಹೊಕ್ಕಿನ ದಿಕ್ಕಿನಲ್ಲಿ, ಅಂದರೆ ಪನ್ನದ ಅಡ್ಡಕ್ಕೆ ಕತ್ತರಿಸಿದರೆ ಸಾಕು. ಹಾಸಿನ, ಅಂದರೆ ಬಟ್ಟೆಯ ಉದ್ದದ, ದಿಕ್ಕಿಗಿಂತ ಆ ದಿಕ್ಕಿನಲ್ಲಿ ಬಟ್ಟೆ ಸ್ವಲ್ಪ ಹೆಚ್ಚು ಬಳುಕುತ್ತದೆ. ಟೈಲರುಗಳು ಕ್ರಾಸ್ ಪೀಸ್ ಎನ್ನುವ ಓರೆ ಕತ್ತರಿಕೆಯ ಪಟ್ಟಿ ಬೇಕಾಗುವುದು ಮೂಲೆಗಳನ್ನು ದುಂಡಗೆ ಮಾಡಿದ್ದರೆ ಮಾತ್ರ.

ಎರಡು ಪಟ್ಟಿಗಳನ್ನು ಕೂಡಿಸುವಾಗ ತುದಿಗೆ ತುದಿ ಇಟ್ಟು ನೇರವಾಗಿ ಹೊಲಿದರೆ, ಮಡಚಿದ ಮೇಲೆ ಕೂಡಿಕೆಯ ದಪ್ಪವೆಲ್ಲ ಒಂದೇ ಜಾಗದಲ್ಲಿ ಗಂಟಿನಂತೆ ಕುಳಿತು ಸೂಜಿಯನ್ನು ತಡೆಯುತ್ತದೆ. ಒಂದು ಪಟ್ಟಿಯ ಸೀದಾ ಮುಖ ಮೇಲಿರಲಿ. ಅದರ ತುದಿಯ ಮೇಲೆ ಇನ್ನೊಂದನ್ನು ಸೀದಾ ಮುಖ ಕೆಳಗಾಗಿ, ಲಂಬಕೋನದಲ್ಲಿ ಅಡ್ಡಲಾಗಿ ಇಡಿ. ಎರಡೂ ಸೇರಿದ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಚಾಕಿನಿಂದ ಓರೆಗೆರೆ ಎಳೆದು, ಅದರ ಮೇಲೆ ಹೊಲಿದು, ಆಚೆಗಿನ ತ್ರಿಕೋನವನ್ನು ಅರ್ಧ ಸೆಂ.ಮೀ. ಬಿಟ್ಟು ಕತ್ತರಿಸಿ, ಉಳಿದ ಅಂಚನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ.

ಆಮೇಲೆ ಇಡೀ ಪಟ್ಟಿಯನ್ನು ತಿಳಿಯಾದ ಅಕ್ಕಿಗಂಜಿಯಲ್ಲಿ ಅದ್ದಿ, ಅರೆಒಣಗಿದಾಗ ಉದ್ದಕ್ಕೆ ಎರಡಾಗಿ, ಉಲ್ಟಾ ಮುಖ ಒಳಗಾಗಿ ಮಡಚಿ ಬಿಸಿ ಇಸ್ತ್ರಿ ಒತ್ತಬೇಕು. ಗಂಜಿ ಹಾಕುವುದು ಕಡ್ಡಾಯವಲ್ಲ, ಆದರೆ ಗಂಜಿ ಕುಡಿದ ಪಟ್ಟಿ ಕಾಗದದಂತೆ ಗಟ್ಟಿಯಾಗಿ ನಿಲ್ಲುತ್ತದೆ, ಎರಡು ಪದರ ಒಂದರ ಮೇಲೊಂದು ಜಾರುವುದಿಲ್ಲ. ಮೊದಲ ಒಗೆತದಲ್ಲಿಯೇ ಗಂಜಿ ಬಿಟ್ಟುಹೋಗುತ್ತದೆ. ಇಸ್ತ್ರಿಯನ್ನು ಪಟ್ಟಿಯ ಮೇಲೆ ಎಳೆಯದೆ, ಎತ್ತಿ ಎತ್ತಿ ಇಟ್ಟು ಒತ್ತಿದರೆ ಪಟ್ಟಿ ಬಾಗುವುದಿಲ್ಲ.

ಯಂತ್ರವನ್ನು ಅಣಿಗೊಳಿಸುವುದು

ದಪ್ಪ ಕೌದಿಗೆ 16 ನಂಬರಿನ, ತೆಳು ಹೊದಿಕೆಗೆ 14 ನಂಬರಿನ ಹೊಸ ಸೂಜಿ ಹಾಕಿ, ಟಾಕಿನ ಉದ್ದವನ್ನು 3 ಮಿ.ಮೀ.ಗೆ ಇಡಿ. ಎರಡೂ ಸುತ್ತಿಗೆ ಮೊದಲು ಬಾಬಿನ್ ತುಂಬಿಕೊಳ್ಳಿ. ಯಂತ್ರದ ಎಡಕ್ಕೂ ಹಿಂದಕ್ಕೂ ಅದರ ಎತ್ತರದ ಮೇಜನ್ನೋ ಸ್ಟೂಲನ್ನೋ ಇಟ್ಟು ಕೌದಿಯ ಭಾರವೆಲ್ಲ ಅದರ ಮೇಲೆ ಬೀಳುವಂತೆ ಮಾಡುವುದು ಬಹಳ ಮುಖ್ಯ. ಕೌದಿ ನೆಲಕ್ಕೆ ಜೋತುಬಿದ್ದರೆ ಅದರ ಭಾರವೇ ಅಂಚನ್ನು ಎಳೆದು ಹೊಲಿಗೆಯನ್ನು ಓರೆ ಮಾಡುತ್ತದೆ, ಸೂಜಿಯೂ ಬಾಗಿ ಮುರಿಯುತ್ತದೆ.

ಸಾಮಾನ್ಯ ಪ್ರೆಸರ್ ಫುಟ್ ಮೇಲಿನ ಪದರವನ್ನು ಮುಂದಕ್ಕೆ ತಳ್ಳುತ್ತದೆ, ಕೆಳಗಿನ ಹಲ್ಲುಗಳು ಕೆಳಪದರವನ್ನು ಹಿಂದಕ್ಕೆ ಎಳೆಯುತ್ತವೆ; ಒಂದು ಮೀಟರ್ ಹೊಲಿಯುವಷ್ಟರಲ್ಲಿ ಪಟ್ಟಿ ಮತ್ತು ಕೌದಿಯ ನಡುವೆ ಬೆರಳಷ್ಟು ವ್ಯತ್ಯಾಸ ಬಂದಿರುತ್ತದೆ. ಎರಡೂ ಪದರವನ್ನು ಒಟ್ಟಿಗೆ ನಡೆಸುವ ವಾಕಿಂಗ್ ಫುಟ್ ನಿಮ್ಮ ಯಂತ್ರಕ್ಕೆ ಸಿಕ್ಕಿದರೆ ಕೊಳ್ಳಿ. ಸಿಗದಿದ್ದರೆ ಗೇಣಿಗೊಮ್ಮೆ ನಿಲ್ಲಿಸಿ, ಸೂಜಿಯನ್ನು ಬಟ್ಟೆಯೊಳಗೇ ಇಳಿಸಿಟ್ಟು, ಫುಟ್ ಎತ್ತಿ, ಮುಂದೆ ಗುಡ್ಡೆಯಾದ ಪಟ್ಟಿಯನ್ನು ಸಡಿಲಬಿಟ್ಟು ಮುಂದುವರಿಯಿರಿ. ಕಾಲಿನಿಂದ ತುಳಿಯುವ ಹಳೆಯ ಯಂತ್ರದಲ್ಲಿ ಈ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ ಎಂಬುದು ನನ್ನ ಅನುಭವ, ಏಕೆಂದರೆ ಅದರ ವೇಗ ನಮ್ಮ ಪಾದದ ಹಿಡಿತದಲ್ಲಿರುತ್ತದೆ.

ಮೊದಲ ಸುತ್ತು: ಹಿಂಬದಿಯಲ್ಲಿ

ಕೈಯಿಂದ ಹೆಮ್ಮಿಂಗ್ ಮಾಡುವವರು ಪಟ್ಟಿಯನ್ನು ಮೊದಲು ಮುಂಬದಿಗೆ ಹೊಲಿದು ಹಿಂದಕ್ಕೆ ಮಡಚುತ್ತಾರೆ. ಯಂತ್ರದಲ್ಲಿಯೇ ಮುಗಿಸುವವರು ಇದನ್ನು ತಿರುವುಮುರುವು ಮಾಡಬೇಕು: ಮೊದಲು ಹಿಂಬದಿಗೆ ಹೊಲಿದು, ಮುಂಬದಿಗೆ ಮಡಚಿ ತರಬೇಕು. ಹಾಗೆ ಮಾಡಿದರೆ ಎರಡನೆಯ ಸುತ್ತಿನಲ್ಲಿ ಹಿಡಿಯಬೇಕಾದ ಮಡಿಕೆ ನಮ್ಮ ಕಣ್ಣೆದುರೇ ಇರುತ್ತದೆ.

ಹೊಲಿಯುವ ಮೊದಲು ಪಟ್ಟಿಯನ್ನು ಕೌದಿಯ ಸುತ್ತ ಒಮ್ಮೆ ಹಾಸಿ, ಪಟ್ಟಿಯ ಕೂಡಿಕೆ ಯಾವುದೂ ಮೂಲೆಯ ಮೇಲೆ ಬೀಳದಂತೆ ಆರಂಭದ ಜಾಗವನ್ನು ಹಿಂದುಮುಂದು ಸರಿಸಿಕೊಳ್ಳಿ. ಕಾಲಿನ ಕಡೆಯ ಬದಿಯ ನಡುವಿನಿಂದ ಆರಂಭಿಸುವುದು ಒಳ್ಳೆಯದು. ಪಟ್ಟಿಯ ಬಿಚ್ಚಿದ ಎರಡು ಅಂಚುಗಳು ಕೌದಿಯ ತುದಿಗೆ ಸಮನಾಗಿ, ಮಡಿಕೆ ಕೌದಿಯ ಒಳಮುಖವಾಗಿರಲಿ. ಮೊದಲ 25 ಸೆಂ.ಮೀ. ಪಟ್ಟಿಯನ್ನು ಹೊಲಿಯದೆ ಬಾಲದಂತೆ ಬಿಟ್ಟು, ತುದಿಯಿಂದ ಸರಿಯಾಗಿ 1 ಸೆಂ.ಮೀ. ಒಳಗೆ ಹೊಲಿಯುತ್ತ ಹೋಗಿ. ಪಟ್ಟಿಯನ್ನು ಎಳೆಯಬಾರದು, ಎಳೆದು ಹೊಲಿದರೆ ಕೌದಿಯ ಅಂಚು ನಿರಿಗೆಗಟ್ಟುತ್ತದೆ.

ಮೂಲೆ ಬಂದಾಗ ತುದಿಗೆ 1 ಸೆಂ.ಮೀ. ಇರುವಂತೆಯೇ ನಿಲ್ಲಿಸಿ, ಎರಡು ಟಾಕು ಹಿಂದೆಮುಂದೆ ಹೊಲಿದು ನೂಲು ಕತ್ತರಿಸಿ. ಈ ಬಿಂದುವನ್ನು ಮೊದಲೇ ಚಾಕಿನಿಂದ ಗುರುತು ಮಾಡಿಕೊಂಡಿರಿ, ಒಂದು ಟಾಕು ಹೆಚ್ಚಾದರೂ ಮಡಚುವಾಗ ಮೂಲೆ ಸರಿಯಾಗಿ ಅರಳುವುದಿಲ್ಲ. ಈಗ ಕೌದಿಯನ್ನು ತಿರುಗಿಸಿ, ಪಟ್ಟಿಯನ್ನು ಕೌದಿಯಿಂದ ಆಚೆಗೆ, ಮುಂದಿನ ಬದಿಯ ನೇರಕ್ಕೆ ಬರುವಂತೆ ಮೇಲಕ್ಕೆ ಮಡಚಿದರೆ ಮೂಲೆಯಲ್ಲಿ ಓರೆಯಾದ ಮಡಿಕೆಯೊಂದು ಬೀಳುತ್ತದೆ. ಆ ಓರೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು, ಪಟ್ಟಿಯನ್ನು ಅದೇ ನೇರದಲ್ಲಿ ಮತ್ತೆ ಕೆಳಕ್ಕೆ ತನ್ನಿ. ಈ ಎರಡನೆಯ ಮಡಿಕೆ ಆಗಷ್ಟೇ ಹೊಲಿದ ಬದಿಯ ತುದಿಗೆ ಸಮನಾಗಿ ಕುಳಿತಿರಬೇಕು, ಪಟ್ಟಿಯ ಬಿಚ್ಚಿದ ಅಂಚು ಮುಂದಿನ ಬದಿಯ ತುದಿಗೆ ಸಮನಾಗಿರಬೇಕು. ಮೇಲ್ತುದಿಯಿಂದಲೇ ಹೊಲಿಗೆ ಶುರುಮಾಡಿ. ಒಳಗೆ ಅಡಗಿದ ಬಟ್ಟೆಯ ಕಿವಿಯಂಥ ತುಣುಕೇ ಮಡಚಿದಾಗ ಎರಡೂ ಮುಖದಲ್ಲಿ ಚೂಪಾದ ಓರೆ ಮೂಲೆಯಾಗಿ ಅರಳುತ್ತದೆ.

ನಾಲ್ಕು ಮೂಲೆ ದಾಟಿ, ಆರಂಭಿಸಿದ ಜಾಗಕ್ಕೆ 35 ಸೆಂ.ಮೀ. ಇರುವಾಗ ನಿಲ್ಲಿಸಿ. ಇಲ್ಲಿನ ಕೂಡಿಕೆಗೆ ಒಂದೇ ಸೂತ್ರ ನೆನಪಿಡಬೇಕು: ಎರಡು ಬಾಲಗಳು ಒಂದರ ಮೇಲೊಂದು ಪಟ್ಟಿಯ ಬಿಚ್ಚಿದ ಅಗಲದಷ್ಟು, ಅಂದರೆ ನಮ್ಮ ಲೆಕ್ಕದಲ್ಲಿ ಸರಿಯಾಗಿ 8 ಸೆಂ.ಮೀ. ಬಂದಿರಬೇಕು. ಅಷ್ಟು ಬಿಟ್ಟು ಹೆಚ್ಚಿನದನ್ನು ನೇರವಾಗಿ ಕತ್ತರಿಸಿ. ಖಾಲಿ ಉಳಿದ ಜಾಗದ ಕೌದಿಯನ್ನು ಮಡಚಿ ಪಿನ್ನು ಚುಚ್ಚಿದರೆ ಬಾಲಗಳು ಸಡಿಲವಾಗಿ ಕೈಗೆ ಸಿಗುತ್ತವೆ. ಎರಡನ್ನೂ ಬಿಚ್ಚಿ, ಮೊದಲಿನಂತೆಯೇ ಸೀದಾ ಮುಖಗಳು ಎದುರಾಗಿ, ಅಡ್ಡಲಾಗಿಟ್ಟು, ಓರೆಗೆರೆಯ ಮೇಲೆ ಪಿನ್ನು ಹಾಕಿ. ಹೊಲಿಯುವ ಮೊದಲು ಪಿನ್ನಿನಲ್ಲಿರುವಾಗಲೇ ಪಟ್ಟಿಯನ್ನು ಮಡಚಿ ಕೌದಿಯ ಮೇಲೆ ಇಟ್ಟು ನೋಡಲೇಬೇಕು. ನಾನು ಮೊದಲ ಸಲ ಇದನ್ನು ನೋಡದೆ ಹೊಲಿದು, ಕತ್ತರಿಸಿ, ಆಮೇಲೆ ಪಟ್ಟಿ ಒಂದು ಸುತ್ತು ತಿರುಚಿಕೊಂಡಿರುವುದನ್ನು ಕಂಡೆ. ಕತ್ತರಿಸಿದ ಮೇಲೆ ಅದಕ್ಕೆ ಪರಿಹಾರವಿಲ್ಲ, ನಡುವೆ ತುಂಡು ಸೇರಿಸಿ ಎರಡು ಕೂಡಿಕೆ ಹಾಕಬೇಕಾಗುತ್ತದೆ. ಸರಿಯಾಗಿದ್ದರೆ ಹೊಲಿದು, ಅಂಚು ಕತ್ತರಿಸಿ, ಬೆರಳಿನಿಂದ ಒತ್ತಿ, ಉಳಿದ ಜಾಗವನ್ನು ಹೊಲಿದು ಸುತ್ತನ್ನು ಪೂರ್ಣಗೊಳಿಸಿ.

ಎರಡನೆಯ ಸುತ್ತು: ಮುಂಬದಿಯಲ್ಲಿ

ಕೌದಿಯನ್ನು ಹಿಂಬದಿ ಮೇಲಾಗಿಟ್ಟುಕೊಂಡು, ಪಟ್ಟಿಯನ್ನು ಹೊಲಿಗೆಯಿಂದ ಹೊರಕ್ಕೆ ತೆರೆದು ಇಸ್ತ್ರಿ ಒತ್ತಿ. ಆಮೇಲೆ ಮುಂಬದಿಗೆ ಮಡಚಿ ತಂದು, ಮಡಿಕೆ ಮೊದಲ ಹೊಲಿಗೆಯ ಗೆರೆಯನ್ನು ಎಲ್ಲ ಕಡೆ ಮುಚ್ಚುತ್ತದೆಯೇ ನೋಡಿ. ದಪ್ಪ ಕೌದಿಗೆ ಗುಂಡುಪಿನ್ನು ಚುಚ್ಚಿದರೆ ಬಾಗುತ್ತದೆ, ಪಟ್ಟಿಯನ್ನೂ ಸರಿಸುತ್ತದೆ. ಬಟ್ಟೆ ಒಣಹಾಕುವ ಕ್ಲಿಪ್ಪುಗಳು ಇದಕ್ಕೆ ಅನುಕೂಲ. ಹೊಸಬರು ಮಾತ್ರ ಕ್ಲಿಪ್ಪಿನ ಮೇಲೆ ಭರವಸೆಯಿಡದೆ, ಬೇರೆ ಬಣ್ಣದ ನೂಲಿನಲ್ಲಿ ಸುತ್ತಲೂ ಕಚ್ಚಾ ಹೊಲಿಗೆ ಹಾಕಿಕೊಳ್ಳುವುದು ಲೇಸು. ಅದಕ್ಕೆ ಒಂದು ಗಂಟೆ ಹಿಡಿಯಬಹುದು. ಯಂತ್ರದ ಮುಂದೆ ಕುಳಿತಾಗ ಆ ಗಂಟೆಯ ಬೆಲೆ ತಿಳಿಯುತ್ತದೆ.

ಮೂಲೆಗಳಲ್ಲಿ ಒಂದು ಬದಿಯನ್ನು ಪೂರ್ತಿ ಮಡಚಿ, ಅದರ ಮೇಲೆ ಇನ್ನೊಂದು ಬದಿಯನ್ನು ತಂದರೆ ಓರೆ ಗೆರೆ ತಾನಾಗಿ ಮೂಡುತ್ತದೆ. ಹಿಂಬದಿಯಲ್ಲಿ ಮಡಿಕೆ ಯಾವ ಕಡೆಗೆ ಒರಗಿದೆಯೋ ಮುಂಬದಿಯಲ್ಲಿ ಅದರ ವಿರುದ್ಧ ದಿಕ್ಕಿಗೆ ಒರಗಿಸಿದರೆ ದಪ್ಪ ಎರಡು ಕಡೆಗೆ ಹಂಚಿಹೋಗಿ ಮೂಲೆ ಚಪ್ಪಟೆಯಾಗಿ ಕೂರುತ್ತದೆ.

ಮೇಲಿನ ನೂಲು ಪಟ್ಟಿಯ ಬಣ್ಣದ್ದಾಗಿರಲಿ, ಬಾಬಿನ್ ನೂಲು ಕೌದಿಯ ಹಿಂಬದಿಯ ಬಟ್ಟೆಯ ಬಣ್ಣದ್ದಾಗಿರಲಿ. ಮುಂಬದಿಯನ್ನು ಮೇಲಿಟ್ಟು, ಮಡಿಕೆಯಿಂದ 2 ಮಿ.ಮೀ. ಒಳಗೆ, ಪಟ್ಟಿಯ ಮೇಲೆಯೇ ಹೊಲಿಯಿರಿ. ಮಡಿಕೆ ಮೊದಲ ಗೆರೆಯನ್ನು 3 ಮಿ.ಮೀ. ದಾಟಿರುವುದರಿಂದ ಈ ಹೊಲಿಗೆ ಹಿಂಬದಿಯಲ್ಲಿ ಪಟ್ಟಿಯ ಬುಡಕ್ಕೆ ಒತ್ತಿಕೊಂಡಂತೆ, ಅದರಿಂದ ಒಂದೇ ಮಿಲಿಮೀಟರ್ ಆಚೆ ಬೀಳುತ್ತದೆ, ಬಣ್ಣ ಹೊಂದಿದ್ದರೆ ಕಣ್ಣಿಗೆ ಬೀಳುವುದೇ ಇಲ್ಲ. ಕಣ್ಣು ಸೂಜಿಯ ಮೇಲಿರದೆ, ಫುಟ್‌ನ ಒಳಬದಿ ಮಡಿಕೆಯ ಜೊತೆ ಹೇಗೆ ಸಾಗುತ್ತಿದೆ ಎಂಬುದರ ಮೇಲಿರಲಿ. ಮೂಲೆಯ ಓರೆ ಗೆರೆ ಬಂದಾಗ ಚಕ್ರವನ್ನು ಕೈಯಿಂದ ತಿರುಗಿಸಿ, ಸೂಜಿ ಒಳಗಿರುವಂತೆಯೇ ಫುಟ್ ಎತ್ತಿ ಕೌದಿಯನ್ನು ತಿರುಗಿಸಿ. ಕೊನೆಯಲ್ಲಿ ಆರಂಭದ ಟಾಕುಗಳ ಮೇಲೆ 2 ಸೆಂ.ಮೀ. ಹೊಲಿದು, ಹಿಂದೆಮುಂದೆ ಮಾಡಿ ಗಟ್ಟಿಗೊಳಿಸಿ, ಕಚ್ಚಾ ಹೊಲಿಗೆಯನ್ನು ಕಿತ್ತುಹಾಕಿ.

ಮುಗಿದ ಮೇಲೆ ಅಂಚನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ಮಡಿಕೆಯನ್ನು ಸುತ್ತಲೂ ಎತ್ತಿ ನೋಡಿ. ಉಗುರು ಒಳಗೆ ತೂರಿದಲ್ಲಿ ಸೂಜಿ ಮಡಿಕೆಯನ್ನು ತಪ್ಪಿಸಿಕೊಂಡಿದೆ ಎಂದು ತಿಳಿಯಬೇಕು. ಅಂಥ ಜಾಗದ ಎರಡು ಕಡೆ ಎರಡೆರಡು ಅಂಗುಲ ಹೊಲಿಗೆ ಬಿಚ್ಚಿ, ಪಟ್ಟಿಯನ್ನು ಸ್ವಲ್ಪ ಹೆಚ್ಚು ಎಳೆದು ಕೂರಿಸಿ, ಹಳೆಯ ಟಾಕುಗಳ ಮೇಲೆ ಹತ್ತಿಸಿ ಮತ್ತೆ ಹೊಲಿಯಿರಿ. ಇಡೀ ಬದಿಯಲ್ಲಿ ತಪ್ಪುತ್ತಲೇ ಹೋಗಿದ್ದರೆ ಪಟ್ಟಿಯ ಅಗಲವೇ ಸಾಲದು. ಆಗ ಆ ಬದಿಯನ್ನು ಬಿಚ್ಚಿ ಕೈಯಿಂದ ಹೆಮ್ಮಿಂಗ್ ಮಾಡುವುದೇ ದಾರಿ.

ವರ್ಷಗಳ ನಂತರ ತಲೆಯ ಕಡೆಯ ಪಟ್ಟಿ ಸವೆದಾಗ ಇಡೀ ಸುತ್ತನ್ನು ಬಿಚ್ಚಬೇಕಿಲ್ಲ. ಸವೆದ ಭಾಗಕ್ಕಿಂತ ಮೂರು ಸೆಂ.ಮೀ. ಉದ್ದವಿರುವ ಪಟ್ಟಿಯ ತುಂಡನ್ನು, ಎರಡೂ ತುದಿಗಳನ್ನು ಒಳಮಡಚಿ, ಹಳೆಯದರ ಮೇಲೆಯೇ ಇದೇ ಕ್ರಮದಲ್ಲಿ ಹಿಂಬದಿಗೆ ಹೊಲಿದು ಮುಂದಕ್ಕೆ ಮಡಚಬಹುದು. ಹಳೆಯ ಪಟ್ಟಿಯ ದಪ್ಪವೂ ಒಳಗೆ ಸೇರುವುದರಿಂದ ಈ ತುಂಡು 1 ಸೆಂ.ಮೀ. ಹೆಚ್ಚು ಅಗಲವಿರಬೇಕು. ಬಣ್ಣ ಹೊಂದಲೆಂದು, ಕತ್ತರಿಸಿ ಉಳಿದ ಪಟ್ಟಿಯನ್ನೂ ಬಟ್ಟೆಯನ್ನೂ ಎಸೆಯದೆ ಚೀಲವೊಂದರಲ್ಲಿ ಕಟ್ಟಿ ಕೌದಿಯ ಜೊತೆಗೇ ಇಟ್ಟಿರಿ.